ಪರರ ಪಾಪದ ಕುಮ್ಸಾರು

ಸಿಲ್ವೆಸ್ಟರ್ ಮೆಂಡೋನ್ಸಾ ಎಂತ ಕೆಲಸದಲ್ಲಿದ್ದ ಎಂದು ಬೆಳ್ಮಣ್ಣಿನಲ್ಲಿ ಯಾರನ್ನು ಬೇಕಾದರೂ ಕೇಳಿ. 'ಅವನಾ? ರಾಕೆಟ್ ಬಿಡ್ತಿದ್ದ' ಎನ್ನುತ್ತಾರೆ. ಸುಳ್ಳು! ಹಸಿ ಹಸಿ ಸುಳ್ಳು. ಕ್ರಿಸ್ಮಸ್ಸಿಗೆ ಮಕ್ಕಳು ಬಾಟಲಿಯಲ್ಲಿ ನೆಟ್ಟು ಹಾರಿಸುವ ಬಾಣವನ್ನು ಕೂಡ ಅವನು ಬಿಟ್ಟವನಲ್ಲ. ಬೆಂಕಿಯ ಕಿಡಿ ಕಂಡರೆ ಬಾಗಿಲ ಹಿಂದೆ ನಿಲ್ಲುವ ಆಸಾಮಿ. ಈ ಸುಳ್ಳನ್ನು ಊರಿಡೀ ಹಬ್ಬಿಸಿದವರು ಅವನ ತಾಯಿ ಕಾನ್ಸೆಪ್ಟಾ ಬಾಯಿ. ಬಸ್ಸಿನ ಕಂಡಕ್ಟರನಿಂದ ಹಿಡಿದು ಮೀನು ತರುವ ಹೆಂಗಸಿನ ತನಕ ಯಾರನ್ನೂ ಅವರು ಬಿಟ್ಟಿರಲಿಲ್ಲ.

ನಿಜ ಸಂಗತಿ ಇಷ್ಟು. ಕಾರ್ಕಳದಲ್ಲಿ ಓದಿ, ಉಡುಪಿಯ ಬನ್ನಂಜೆಯಲ್ಲಿ ಟೈಪಿಂಗ್ ಕಲಿತು, ಎಪ್ಪತ್ಮೂರರಲ್ಲಿ ಸಿಲ್ವೆಸ್ಟರ್ ಬೆಂಗಳೂರಿಗೆ ಹೋಗಿ ಬಾಹ್ಯಾಕಾಶ ಸಂಸ್ಥೆಯ ಒಂದು ಸಣ್ಣ ಘಟಕದಲ್ಲಿ ಸ್ಟೋರ್ ಗುಮಾಸ್ತನಾದ. ಗಾಳಿ, ಮೋಡ ನೋಡಿಕೊಂಡು ಬರಲು ಮೇಲೆ ಹೋಗುವ ಪುಟ್ಟ ರಾಕೆಟುಗಳಿಗೆ ಬೇಕಾದ ಸಾಮಾನು ಅಲ್ಲಿ ಸಿದ್ಧವಾಗುತ್ತಿತ್ತು. ಸ್ಟೋರಿನ ಧರ್ಮ ಗೊತ್ತುಂಟಲ್ಲ? ಒಳಗೆ ಬಂದದ್ದು ಹೊರಗೆ ಹೋಗಬಾರದು. ಆ ಧರ್ಮವನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ. ಒಂದು ಸ್ಕ್ರೂ ಕೊಡುವಾಗಲೂ ಮಗಳನ್ನು ಧಾರೆ ಎರೆದುಕೊಡುವವನ ಹಾಗೆ ಅವನ ಮುಖ ಬಾಡುತ್ತಿತ್ತು.

ಎಂಬತ್ತೆರಡರಲ್ಲಿ ಹೊಸ ನಿರ್ದೇಶಕರು ಬಂದರು. ಅವರದ್ದು ಒಂದೇ ಜಪ: ಒಬ್ಬ ಬಿದ್ದ ಗುಂಡಿಗೆ ಇನ್ನೊಬ್ಬ ಬೀಳಬಾರದು. ತಪ್ಪು ಮಾಡಿದವನು ಅದನ್ನು ಬರೆದುಕೊಡಬೇಕು, ಉಳಿದವರು ಓದಿ ಕಲಿಯಬೇಕು, ಯಾರಿಗೂ ಶಿಕ್ಷೆ ಇಲ್ಲ. ಒಳ್ಳೆಯ ಯೋಚನೆ, ಯಾರು ಬೇಡ ಎನ್ನುತ್ತಾರೆ? ಇದಕ್ಕೆಂದೇ 'ಪಾಠಕೋಶ' ಎಂಬ ಹೊಸ ವಿಭಾಗ ಹುಟ್ಟಿತು. ಒಂದು ವಸ್ತುವನ್ನೂ ಕಳೆದುಕೊಳ್ಳದ ಮನುಷ್ಯ ಬೇಕೆಂದು ಹುಡುಕಿದಾಗ ಎಲ್ಲರ ಬೆರಳೂ ಸಿಲ್ವೆಸ್ಟರನ ಕಡೆ ತಿರುಗಿತು. ಹೀಗೆ ಅವನು ಆಫೀಸರನಾದ.

ಪಾಠಗಳನ್ನು ಅವನು ಚೆನ್ನಾಗಿಯೇ ಟೈಪ್ ಮಾಡಿಸಿ ಪುಸ್ತಿಕೆ ಕಟ್ಟಿಸಿದ. ಮೊದಮೊದಲು ಹಂಚಿದ ಕೂಡ. ಆದರೆ ಒಂದು ದಿನ ಕ್ಯಾಂಟೀನಿನಲ್ಲಿ ಕಡಲೆ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿ ನೋಡುತ್ತಾನೆ, ಅವನದೇ ಪಾಠಕೋಶದ ಹಾಳೆ! ಅವತ್ತು ಅವನಿಗೆ ಆದ ಸಂಕಟ ಅಷ್ಟಿಷ್ಟಲ್ಲ, ಪೊಟ್ಟಣವನ್ನು ನಿರ್ದೇಶಕರಿಗೂ ತೋರಿಸಿ ಬಂದ. ಮರುದಿನವೇ ಒಂದು ಕಬ್ಬಿಣದ ಕಪಾಟು ತರಿಸಿ, ಪುಸ್ತಿಕೆಗಳನ್ನೆಲ್ಲ ಅದರೊಳಗೆ ಜೋಡಿಸಿ ಬೀಗ ಜಡಿದ. ಬೀಗದ ಕೈಯನ್ನು ಕೊರಳ ದಾರದಲ್ಲಿ ಶಿಲುಬೆಯ ಜೊತೆಗೇ ಕಟ್ಟಿಕೊಂಡ. ಓದಬೇಕಾದವರು ಅರ್ಜಿ ಕೊಡಲಿ, ಮೇಲಧಿಕಾರಿಯ ಸಹಿ ಇರಲಿ, ಯಾವ ಪಾಠ ಬೇಕೆಂದು ಸ್ಪಷ್ಟವಾಗಿ ಬರೆದಿರಲಿ. ಒಬ್ಬನೂ ಅರ್ಜಿ ಕೊಡಲಿಲ್ಲ, ಒಂದು ಪುಸ್ತಿಕೆಯೂ ಕಳೆಯಲಿಲ್ಲ. ಸಿಲ್ವೆಸ್ಟರ್ ನೆಮ್ಮದಿಯಿಂದಿದ್ದ.

ಎಂಬತ್ತಾರರಲ್ಲಿ ನೆಮ್ಮದಿ ಕೆಟ್ಟಿತು. ಮೇಲೆ ಹೋದ ಒಂದು ರಾಕೆಟ್ಟಿನ ಯಂತ್ರದ ಪೆಟ್ಟಿಗೆ ಪ್ಯಾರಾಶೂಟ್ ಬಿಚ್ಚಿಕೊಂಡು ಮೆಲ್ಲಗೆ ಇಳಿಯಬೇಕಿತ್ತು. ಪ್ಯಾರಾಶೂಟ್ ಬಿಚ್ಚಲೇ ಇಲ್ಲ. ಪೆಟ್ಟಿಗೆ ತೆಂಗಿನಕಾಯಿ ಬಿದ್ದ ಹಾಗೆ ಸಮುದ್ರಕ್ಕೆ ಬಿತ್ತು. ಯಾಕೆ ಹೀಗಾಯಿತು ಎಂದರೆ ಪ್ರತಿ ವಿಭಾಗದವರೂ 'ನಮ್ಮದೆಲ್ಲ ಸರಿ ಇತ್ತು' ಎಂದು ತಮ್ಮ ತಮ್ಮ ಫೈಲು ತೋರಿಸಿದರು.

ನಿರ್ದೇಶಕರು ಸಿಲ್ವೆಸ್ಟರನನ್ನು ಕರೆದು ಹೇಳಿದರು: "ಇಲ್ಲಿ ಕೂತರೆ ಎಲ್ಲರೂ ಫೋನ್ ಬಂತು ಎಂದು ಎದ್ದು ಹೋಗುತ್ತಾರೆ. ದೂರ ಎಲ್ಲಿಗಾದರೂ ಕರೆದುಕೊಂಡು ಹೋಗಿ ಕೂರಿಸಿ. ಶನಿವಾರ ಸಂಜೆಯೊಳಗೆ ಈ ತಪ್ಪಿನ ಪಾಠ ನನ್ನ ಕೈಗೆ ಬರಬೇಕು. ಬರದಿದ್ದರೆ ಪಾಠಕೋಶ ಮುಚ್ಚಿ, ನೀವು ಸ್ಟೋರಿಗೆ ವಾಪಸು."

ಸ್ಟೋರು! ಅಲ್ಲಿ ಈಗ ಆಫೀಸರ್ ಕುರ್ಚಿಯಲ್ಲಿ ಕೂತವನು ಪ್ಯಾಟ್ರಿಕ್. ಒಂದು ಸ್ಕ್ರೂ ಕಡಿಮೆ ಬಿತ್ತೆಂದು ಇಡೀ ಗೋಣಿ ಸುರುವಿ ಎಣಿಸುವಂತೆ ಸಿಲ್ವೆಸ್ಟರ್ ಒಮ್ಮೆ ಆಜ್ಞೆ ಮಾಡಿದ್ದು ಇದೇ ಪ್ಯಾಟ್ರಿಕ್ಕನಿಗೆ. ಆ ಗೋಣಿ ಇನ್ನೂ ಅಲ್ಲೇ ಉಂಟು, ಪ್ಯಾಟ್ರಿಕ್ಕನಿಗೆ ಮರೆವೂ ಇಲ್ಲ. ಸಿಲ್ವೆಸ್ಟರನ ಮಂಡೆ ಬಿಸಿಯಾಯಿತು.

ಜಾಗ ಮಣಿಪಾಲ ಎಂದು ಅವನೇ ಗೊತ್ತು ಮಾಡಿದ. ಗುಡ್ಡದ ಮೇಲೆ ಒಂದು ಸಭಾಂಗಣ ಅಗ್ಗಕ್ಕೆ ಸಿಕ್ಕಿತು. ಸರ್ಕಾರಿ ಜೀಪಿನಲ್ಲಿ ಕೂತು ಬೆಳ್ಮಣ್ಣಿಗೆ ಒಂದು ಸುತ್ತು ಹೋಗುವ ಆಸೆಯೂ ಒಳಗೊಳಗೆ ಇತ್ತು, ಹೇಳಲಿಲ್ಲ ಅಷ್ಟೆ.

ಶುಕ್ರವಾರ ಬೆಳಿಗ್ಗೆ ಸಭೆ ಸೇರಿತು. ಗೋಡೆಗೆ 'ನನ್ನ ತಪ್ಪು, ನಮ್ಮ ಪಾಠ' ಎಂಬ ದೊಡ್ಡ ಬಟ್ಟೆ. ಮಾರ್ಚ್ ತಿಂಗಳ ಸೆಕೆ, ಬೆಂಗಳೂರಿನವರೆಲ್ಲ ಬೆವರಿನಲ್ಲಿ ನೆನೆದಿದ್ದರು. "ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ತಪ್ಪು ಹೇಳಬೇಕು. ಯಾರಿಗೂ ಶಿಕ್ಷೆ ಇಲ್ಲ" ಎಂದ ಸಿಲ್ವೆಸ್ಟರ್. ಒಬ್ಬರು ಬೆವರು ಒರೆಸಿಕೊಂಡರು, ಇನ್ನೊಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು.

ಕೊನೆಗೆ ಪ್ಯಾರಾಶೂಟ್ ವಿಭಾಗದ ಮುಖ್ಯಸ್ಥೆ ಮೇಬಲ್ ಎದ್ದರು. "ನಮ್ಮದು ಒಂದು ತಪ್ಪು ಉಂಟು. ನಾವು ಅಗತ್ಯಕ್ಕಿಂತ ಹೆಚ್ಚು ದುಡಿದೆವು" ಎಂದು ಹೇಳಿ ಕೂತರು.

ಬ್ಯಾಟರಿ ವಿಭಾಗದ ಕುಂಞಿ ಮೊಹಮ್ಮದ್, ಕಾಪುವಿನವರು, ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡರು. "ನಮ್ಮ ಬ್ಯಾಟರಿ ಸಮುದ್ರದ ಅಡಿಯಲ್ಲಿ ಈಗಲೂ ಕೆಲಸ ಮಾಡ್ತಾ ಉಂಟು ಸಾರ್. ಬೇಕಾದರೆ ಮುಳುಗಿ ನೋಡಿ."

ಅಷ್ಟರಲ್ಲಿ ಗೋಳಿಬಜೆ ಬಂತು. ಆಮೇಲೆ ಬಾಯಿ ತೆರೆದದ್ದೆಲ್ಲ ತಿನ್ನುವುದಕ್ಕೆ. ಆದರೆ ಹೊರಗೆ ಚಹಾ ಕುಡಿಯುವಾಗ ನೋಡಬೇಕಿತ್ತು! ಮೇಬಲ್ ಇತ್ತ ಪಿಸುಗುಟ್ಟುತ್ತಾರೆ, ಕುಂಞಿ ಮೊಹಮ್ಮದ್ ಅತ್ತ ಪಿಸುಗುಟ್ಟುತ್ತಾರೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜಾತಿ. ಸಿಲ್ವೆಸ್ಟರನಿಗೆ ಅದು ಬರೀ ಚಾಡಿಯಾಗಿ ಕಂಡಿತು. ಪಾಠ ಒಂದೂ ಸಿಗಲಿಲ್ಲ. ಮೂರು ಗಂಟೆಗೆ ಸಭೆ ಮುಗಿಸಿ, ಜೀಪಿನ ಆಸೆ ಬಿಟ್ಟು, ಕಾರ್ಕಳದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಸೋತ ಮುಖ ಹೊತ್ತುಕೊಂಡು ಬೆಳ್ಮಣ್ಣಿನಲ್ಲಿ ಇಳಿದ.

ಮನೆಯಲ್ಲಿ ತಾಯಿ ಕಾನ್ಸೆಪ್ಟಾ ಬಾಯಿ ಮತ್ತು ತಮ್ಮ ರೊಸಾರಿಯೊನ ಹೆಂಡತಿ ಇಮೆಲ್ಡಾ. ರೊಸಾರಿಯೊ ಬಹರೈನಿನಲ್ಲಿದ್ದ. ಮಗನನ್ನು ಕಂಡು ಕಾನ್ಸೆಪ್ಟಾ ಬಾಯಿಗೆ ಹಿಡಿಸಲಾರದಷ್ಟು ಸಂತೋಷ. ಅವನು ಬಾಗಿಲಲ್ಲೇ ನಿಂತು ಸಭೆಯ ಕಥೆಯನ್ನು ತನ್ನ ಆಫೀಸಿನ ಮೆಲುದನಿಯಲ್ಲಿ ಹೇಳಿದ. ತಾಯಿ ನಗುನಗುತ್ತ ತಲೆಯಾಡಿಸಿದರು. ಅವರಿಗೆ ಕಿವಿ ಮಂದ.

"ಇವತ್ತು ಇಗರ್ಜಿಯಲ್ಲಿ ಕುಮ್ಸಾರು ಉಂಟು ಭಾವ, ನೀವೂ ಬನ್ನಿ" ಎಂದಳು ಇಮೆಲ್ಡಾ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ, ಶುಕ್ರವಾರ ಬೇರೆ. ಪಾದ್ರಿಗಳ ಮುಂದೆ ಮೊಣಕಾಲೂರಿ ಪಾಪ ಹೇಳಿಕೊಳ್ಳಲು ಊರಿಗೆ ಊರೇ ಸಾಲು ನಿಂತಿತ್ತು. ಗಂಡಸರು ಆಚೆ, ಹೆಂಗಸರು ಈಚೆ, ನಡುವೆ ಜಾಲರಿಯ ಮರದ ಗೂಡಿನಲ್ಲಿ ಫಾದರ್ ಪಾಸ್ಕಲ್. ಕಾನ್ಸೆಪ್ಟಾ ಬಾಯಿಯ ಸರದಿ ಬಂತು. ಅವರು ಬಾಯಿ ತೆರೆದದ್ದೇ ಗೋಡೆಯ ಸಂತರು ಕೂಡ ಕಿವಿ ನಿಮಿರಿಸಿರಬೇಕು.

"ಫಾದರ್, ನನ್ನ ಸೊಸೆ ಇಮೆಲ್ಡಾ ಬಂಗುಡೆಗೆ ಹುಳಿ ಜಾಸ್ತಿ ಹಾಕ್ತಾಳೆ!"

ಫಾದರ್ ಪಾಸ್ಕಲ್ ಏನೋ ಪಿಸುಗುಟ್ಟಿದರು. ನಿಮ್ಮ ಪಾಪ ಹೇಳಿ ಬಾಯಿ ಎಂದಿರಬೇಕು, ಪಾಪ.

"ನಿಲ್ಲಿ ಫಾದರ್, ಇನ್ನೂ ಉಂಟು. ಕೋಳಿಗೂಡಿನ ಬಾಗಿಲು ಹಾಕಲು ಮರೆಯುತ್ತಾಳೆ. ರೊಸಾರಿಯೊನ ಕಾಗದ ನನಗೆ ಅರ್ಧ ಮಾತ್ರ ಓದಿ ಹೇಳ್ತಾಳೆ!"

ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಸಿಲ್ವೆಸ್ಟರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೆಲ್ಲಗೆ ಇಮೆಲ್ಡಾಳ ಕಡೆ ನೋಡಿದ. ಅವಳು ಸಿಟ್ಟಿನಲ್ಲಿರಲಿಲ್ಲ. ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸುತ್ತಿದ್ದಳು. ಮುಂದೆ ಅವಳ ಸರದಿ. ಅವಳೂ ಅಷ್ಟೇ ಜೋರು ದನಿ ಎತ್ತಿದಳು. "ಫಾದರ್, ನನ್ನ ಅತ್ತೆ ಮಾಂಯ್ ಮದ್ದಿನ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಬಾಳೆಬುಡಕ್ಕೆ ಉಗುಳ್ತಾರೆ!"

ಮನೆಗೆ ಬರುವ ದಾರಿಯಲ್ಲಿ ಸಿಲ್ವೆಸ್ಟರ್ ತಡೆಯಲಾರದೆ ಕೇಳಿದ. "ಎಂತ ಇದು ಇಮೆಲ್ಡಾ? ಮಾನ ಮರ್ಯಾದೆ ಬೇಡವಾ?"

ಇಮೆಲ್ಡಾ ನಕ್ಕಳು. "ನಿಮ್ಮ ತಾಯಿ ಮನೆಯೊಳಗೆ ನನಗೆ ಇಷ್ಟು ವರ್ಷದಲ್ಲಿ ಒಂದು ಬಿರುಸು ಮಾತು ಹೇಳಿದವರಲ್ಲ ಭಾವ. ಎಂತ ಇದ್ದರೂ ಅಲ್ಲಿ ಹೇಳ್ತಾರೆ. ನಾನು ಕೇಳಿಸಿಕೊಂಡು ಸರಿ ಮಾಡ್ತೇನೆ. ಅವರದ್ದು ನಾನು ಹೇಳ್ತೇನೆ. ಮೆಲ್ಲ ಹೇಳಿದರೆ ಅವರಿಗೆ ಕೇಳುವುದಿಲ್ಲ ಅಲ್ವಾ, ಹಾಗೆ ಜೋರು."

ಸಿಲ್ವೆಸ್ಟರ್ ರಸ್ತೆಯ ಮಧ್ಯದಲ್ಲೇ ನಿಂತ. ತಾಯಿಯ ಕಿವಿಗೆ ಬಾಯಿಯಿಟ್ಟು ಕೂಗಿದ. "ಮಾಂಯ್! ನೀನು ಹೇಳುವುದು ಊರಿಗೆಲ್ಲ ಕೇಳ್ತದೆ, ಗೊತ್ತುಂಟಾ?"

"ನನಗೆ ಮಂದ ಆದದ್ದು ಕಿವಿ ಪುತಾ, ಮಂಡೆ ಅಲ್ಲ" ಎಂದರು ಕಾನ್ಸೆಪ್ಟಾ ಬಾಯಿ. "ಎದುರಿಗೆ ಹೇಳಿದರೆ ಜಗಳ. ಬೆನ್ನ ಹಿಂದೆ ಹೇಳಿದರೆ ಚಾಡಿ. ದೇವರಿಗೆ ಹೇಳಿದರೆ ಎರಡೂ ಅಲ್ಲ."

"ಮತ್ತೆ ನಿನ್ನ ಪಾಪ? ಅದನ್ನು ಯಾಕೆ ಹೇಳುವುದಿಲ್ಲ?"

"ನನ್ನ ಬೆನ್ನು ನನಗೆ ಕಾಣ್ತದಾ? ಅದನ್ನು ನೋಡಲಿಕ್ಕೆ ಇವಳು ಇದ್ದಾಳಲ್ಲ."

ಅಬ್ಬ! ಸಿಲ್ವೆಸ್ಟರನಿಗೆ ಈಗ ಹೊಳೆಯಿತು. ಚಹಾದ ಹೊತ್ತಿನ ಆ ಪಿಸುಮಾತೆಲ್ಲ ಚಾಡಿಯಲ್ಲ, ಪಾಠ! ಮನೆ ಸೇರಿದಾಗ ಇಮೆಲ್ಡಾ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದ್ದಳು. ತಾಯಿ ತಟ್ಟೆಯ ಪಕ್ಕದಲ್ಲೇ ಕೂತಿದ್ದರು. ಆದರೆ ಅವನ ತಲೆ ಆಗಲೇ ಮಣಿಪಾಲ ಮುಟ್ಟಿಯಾಗಿತ್ತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದ್ದೇ, "ಆಮೇಲೆ ಬರ್ತೇನೆ" ಎಂದು ಏನೋ ಗೊಣಗಿ ಓಡಿದ. ತಟ್ಟೆ ಹಾಗೆಯೇ ಉಳಿಯಿತು.

ಶನಿವಾರ ಬೆಳಿಗ್ಗೆ ಗೋಡೆಯ ಬಟ್ಟೆ ಮಾಯವಾಗಿತ್ತು. ಪಾಠ ಕೇಳಲು ಮಣಿಪಾಲಕ್ಕೇ ಬಂದಿಳಿದ ನಿರ್ದೇಶಕರನ್ನು ಕಿಟಕಿಯ ಬಳಿ, ಎಲ್ಲರಿಗೆ ಬೆನ್ನು ಹಾಕಿ ಕೂರಿಸಿದ್ದ. ಅವರ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ.

"ಇವತ್ತು ಯಾರೂ ತಮ್ಮ ತಪ್ಪು ಹೇಳಬೇಕಾಗಿಲ್ಲ" ಎಂದ ಸಿಲ್ವೆಸ್ಟರ್. "ಈ ಕುರ್ಚಿಯಲ್ಲಿ ಕೂತು ಬೇರೆ ವಿಭಾಗದ ತಪ್ಪು ಹೇಳಿ, ಜೋರಾಗಿ. ಹೇಳಿಸಿಕೊಂಡವರು 'ಹೌದು' ಅಥವಾ 'ಇಲ್ಲ' ಅನ್ನಬೇಕು. ಅದರ ಮೇಲೆ ಒಂದಕ್ಷರ ಇಲ್ಲ."

ಕುರ್ಚಿಗೆ ನೂಕುನುಗ್ಗಲಾಯಿತು ಎಂದರೆ ನೀವು ನಂಬಬೇಕು. ಮೊದಲು ಕೂತದ್ದು ಮೇಬಲ್. "ಬ್ಯಾಟರಿಯವರು ತಮ್ಮ ಬ್ಯಾಟರಿ ಪೆಟ್ಟಿಗೆಯ ಎತ್ತರ ಹೆಚ್ಚಿಸಿ ಪ್ಯಾರಾಶೂಟಿನ ಜಾಗ ತಿಂದರು. ನಮಗೆ ಹೇಳಲಿಲ್ಲ."

ಎಲ್ಲರೂ ಕುಂಞಿ ಮೊಹಮ್ಮದರ ಕಡೆ ತಿರುಗಿದರು. ಅವರ ಬಾಯೊಳಗೆ ಒಂದು ಭಾಷಣವೇ ಇತ್ತು. ನಿಯಮ ನೆನಪಾಗಿ ನುಂಗಿಕೊಂಡರು. "ಹೌದು."

ಈಗ ಅವರ ಸರದಿ. "ಪ್ಯಾರಾಶೂಟಿನವರಿಗೆ ಎತ್ತರ ಹೆಚ್ಚಾದದ್ದು ಕಂಡಿತ್ತು. ಕೇಳಲಿಕ್ಕೆ ಬಿಗುಮಾನ. ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಮಡಚಿ ತುರುಕಿದರು. ಹಾಗೆ ತುರುಕಿದ್ದು ಮೇಲೆ ಹೋಗಿ ಬಿಚ್ಚುವುದು ಹೇಗೆ?"

"ಹೌದು" ಎಂದರು ಮೇಬಲ್, ಮುಖ ಕೆಂಪಾಗಿಸಿಕೊಂಡು.

ಗೋಳಿಬಜೆ ಬಂದು ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಪೆಟ್ಟಿಗೆ ಸಮುದ್ರಕ್ಕೆ ಬಿದ್ದ ಕಥೆ ಆದಿಯಿಂದ ಅಂತ್ಯದ ತನಕ ನಿರ್ದೇಶಕರ ಕೈಯಲ್ಲಿತ್ತು. ಸಿಲ್ವೆಸ್ಟರ್ ಹಿಗ್ಗಿ ಹೀರೇಕಾಯಿಯಾದ. ಪ್ಯಾಟ್ರಿಕ್ಕನೂ ಅವನ ಗೋಣಿಯೂ ದೂರ ದೂರ ಸರಿದು ಹೋದವು. ಆಗ ಮೇಬಲ್ ಮತ್ತೊಮ್ಮೆ ಬಂದು ಕುರ್ಚಿಯಲ್ಲಿ ಕೂತರು.

"ಇನ್ನೊಂದು ಉಂಟು. ಇದೇ ಎತ್ತರದ ತಪ್ಪು ಹಿಂದೆಯೂ ಒಮ್ಮೆ ಆಗಿತ್ತು. ಆಗ ನಮ್ಮ ವಿಭಾಗದವರು ಪಾಠ ಬರೆದು ಕೊಟ್ಟಿದ್ದರು. ಬ್ಯಾಟರಿಯವರು ಅದನ್ನು ಓದಿದ್ದರೆ ನಮಗೆ ಹೇಳುತ್ತಿದ್ದರು. ಅದು ಬೀಗದೊಳಗೆ ಉಂಟು."

"ಅರ್ಜಿ ಕೊಟ್ಟು ಕೇಳಬಹುದಿತ್ತಲ್ಲ?" ಎಂದರು ನಿರ್ದೇಶಕರು, ಕಿಟಕಿಯ ಕಡೆಗೇ ಮುಖವಿಟ್ಟುಕೊಂಡು.

"ಯಾವ ಪಾಠ ಎಂದು ಅರ್ಜಿಯಲ್ಲಿ ಬರೆಯಬೇಕು ಸಾರ್" ಎಂದರು ಕುಂಞಿ ಮೊಹಮ್ಮದ್. "ಯಾವ ಪಾಠ ಎಂದು ಗೊತ್ತಿದ್ದರೆ ಅರ್ಜಿ ಯಾಕೆ ಮಾರಾಯ್ರೆ?"

ಸಭೆಯ ಕಣ್ಣೆಲ್ಲ ಸಿಲ್ವೆಸ್ಟರನ ಕೊರಳಿಗೆ ಬಂದು ನೆಟ್ಟವು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಕಡಲೆ ಪೊಟ್ಟಣದ ಕಥೆ ಅವನ ಗಂಟಲ ತನಕ ಬಂತು. ಸ್ಟೋರಿನ ಧರ್ಮ, ಕಳೆದುಹೋದ ಹಾಳೆ, ತನ್ನ ಪ್ರಾಮಾಣಿಕತೆ, ಎಲ್ಲ ಬಂತು. ಆದರೆ ಅವನಿಗೆ ಅನುಮತಿ ಇದ್ದದ್ದು ಎರಡೇ ಮಾತಿಗೆ. ಆ ನಿಯಮ ಮಾಡಿದ ಮಹಾನುಭಾವನೂ ಅವನೇ.

"ಹೌದು" ಎಂದ. ಅವನಿಗೆ ಅಳುವೇ ಬಂದಿತ್ತು.

ನಿರ್ದೇಶಕರು ತಿರುಗಿ ಕೈ ಚಾಚಿದರು. ಸಿಲ್ವೆಸ್ಟರ್ ಅಂಗಿಯೊಳಗೆ ಕೈ ಹಾಕಿ ದಾರ ಎಳೆದ. ಶಿಲುಬೆ ಬಂತು, ಬೀಗದ ಕೈ ಬಂತು, ಎರಡೂ ಗಂಟು ಹಾಕಿಕೊಂಡು ಬಿಡಿಸಲಿಕ್ಕೇ ಆಗಲಿಲ್ಲ. ಮೇಬಲ್ ಪಿನ್ನು ತಂದರು, ಕುಂಞಿ ಮೊಹಮ್ಮದ್ ದಾರ ಹಿಡಿದರು, ಇಡೀ ಸಂಸ್ಥೆಯ ಬುದ್ಧಿವಂತರೆಲ್ಲ ಅವನ ಕೊರಳ ಸುತ್ತ ಸೇರಿದರು. ಯಾರೋ ಕಿಸಕ್ಕೆಂದರು. ಆಮೇಲೆ ನಿರ್ದೇಶಕರೂ ನಕ್ಕುಬಿಟ್ಟರು.

"ಪಾಠಕೋಶ ಇರಲಿ, ನೀವೂ ಇರಿ" ಎಂದರು. "ಕಪಾಟನ್ನು ಕ್ಯಾಂಟೀನಿನಲ್ಲಿ ಇಡಿಸಿ, ಬಾಗಿಲು ತೆಗೆಸಿ. ಕಡಲೆ ಕಟ್ಟುವುದಾದರೆ ಕಟ್ಟಲಿ, ತಿನ್ನುವಾಗಲಾದರೂ ಓದುತ್ತಾರೆ."

ಭಾನುವಾರ ಮಧ್ಯಾಹ್ನ ಜೀಪು ಬೆಂಗಳೂರಿಗೆ ಹೊರಡುವುದಿತ್ತು. ಅದಕ್ಕೆ ಮೊದಲು ತಾಯಿಗೆ ಮುಖ ತೋರಿಸಿ ಬರುವ ಎಂದು ಸಿಲ್ವೆಸ್ಟರ್ ಅದೇ ಜೀಪಿನಲ್ಲಿ ಬೆಳ್ಮಣ್ಣಿಗೆ ಬಂದ. ಇಗರ್ಜಿಯ ಎದುರೇ ಇಳಿದ, ನೋಡಬೇಕಾದವರೆಲ್ಲ ನೋಡಿದರು. ಪೂಜೆಗೆ ಇನ್ನೂ ಹೊತ್ತಿತ್ತು. ಒಳಗೆ ಕುಮ್ಸಾರಿನ ಸಾಲು. ಸಾಲಿನ ಮುಂದೆ ಕಾನ್ಸೆಪ್ಟಾ ಬಾಯಿ!

"ಶುಕ್ರವಾರ ತಾನೇ ಮಾಡಿದರಲ್ಲ?" ಎಂದು ಇಮೆಲ್ಡಾಳನ್ನು ಕೇಳಿದ.

"ಅದು ನನ್ನದು ಭಾವ. ಇದು ಬೇರೆ" ಎಂದಳು ಇಮೆಲ್ಡಾ. ಅವಳು ನಗಲಿಲ್ಲ.

"ಫಾದರ್" ಎಂದು ಆ ದೊಡ್ಡ ದನಿ ಮೇಲೆದ್ದಿತು. "ನನ್ನ ಮಗ ಸಿಲ್ಲು. ವರ್ಷಕ್ಕೊಮ್ಮೆ ಬರ್ತಾನೆ. ಮೊನ್ನೆ ಬಂದ. ಬಡಿಸಿದ ಅನ್ನ ಮುಟ್ಟಲಿಲ್ಲ, ಬಸ್ಸು ಹಿಡಿದ. ನನ್ನಿಂದ ಏನಾದರೂ ಬೇಕಾದರೆ ಕಿವಿಗೆ ಬಾಯಿಟ್ಟು ಕೇಳ್ತಾನೆ. ಬಾಕಿ ಹೊತ್ತಿನಲ್ಲಿ ಮೆಲ್ಲ ಮಾತಾಡ್ತಾನೆ, ನನಗೆ ಕೇಳುವುದಿಲ್ಲ. ಕೇಳಿದ ಹಾಗೆ ನಾನು ನಗ್ತೇನೆ. ಅವನು ಅಲ್ಲಿ ಎಂತ ಮಾಡ್ತಾನೆ ಎಂದು ನನಗೆ ಇವತ್ತಿನವರೆಗೆ ಗೊತ್ತಿಲ್ಲ. ರಾಕೆಟ್ಟಿನ ಆಫೀಸು, ಹಾಗಾಗಿ ರಾಕೆಟ್ ಬಿಡ್ತಾನೆ ಅಂತ ನಾನೇ ಹೇಳಿಕೊಂಡು ತಿರುಗ್ತೇನೆ."

ಸಾಲಿಗೆ ಸಾಲೇ ಸಿಲ್ವೆಸ್ಟರನ ಕಡೆ ತಿರುಗಿತು. ಅವನ ಕೈ ತನ್ನಷ್ಟಕ್ಕೆ ಕೊರಳಿಗೆ ಹೋಯಿತು. ಅಲ್ಲಿ ಬೀಗದ ಕೈ ಇರಲಿಲ್ಲ. ಬಸ್ಸಿಗೆ ತಡವಾಗ್ತದೆ, ಆಫೀಸಿನಲ್ಲಿ ಬಿಡುವಿಲ್ಲ, ಸಭೆ ಇತ್ತು ಎಂದೆಲ್ಲ ಹೇಳಬಹುದಿತ್ತು.

"ಹೌದು" ಎಂದ.

ಆಫೀಸಿನ ದನಿ. ತಾಯಿಗೆ ಕೇಳಿಸಲಿಲ್ಲ. ಅವರು ಜಾಲರಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಅವನು ಸಾಲು ದಾಟಿ ಹತ್ತಿರ ಹೋಗಿ, ಹುಟ್ಟಿದ ಮೇಲೆ ಮೊದಲ ಸಲ ಗಂಟಲು ಹರಿಯುವ ಹಾಗೆ ಕೂಗಿದ. "ಹೌದು ಮಾಂಯ್!"

ಇಗರ್ಜಿ ಗಂಯ್ಯೆಂದಿತು. ಗೂಡಿನಿಂದ ಫಾದರ್ ಪಾಸ್ಕಲ್ ತಲೆ ಹೊರಗೆ ಹಾಕಿ ನೋಡಿದರು. "ಬಾಯಿ, ನಿಮಗೆ ಪ್ರಾಯಶ್ಚಿತ್ತ ಎಂತ ಕೊಡುವುದೆಂದು ನನಗೆ ಯಾವತ್ತೂ ತಿಳಿದದ್ದಿಲ್ಲ. ಇವತ್ತು ಇವನಿಗೇ ಕೊಡ್ತೇನೆ. ಹೋಗು, ಕೂತು ಊಟ ಮಾಡು" ಎಂದರು.

ಜೀಪು ಅವನನ್ನು ಬಿಟ್ಟು ಹೋಯಿತು. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಸಿಲ್ವೆಸ್ಟರ್ ತಾಯಿಗೆ ಎಲ್ಲ ಹೇಳಿದ. ಪೆಟ್ಟಿಗೆಯ ಎತ್ತರ, ಮಡಚಿದ ಪ್ಯಾರಾಶೂಟ್, ಬೀಗದ ಕಪಾಟು, ಕೊರಳಿನ ಗಂಟು, ಒಂದೂ ಬಿಡದೆ, ಕೂಗಿ ಕೂಗಿ. ಬೇಲಿಯಾಚೆ ನೆರೆಮನೆಯವರು ಒಬ್ಬೊಬ್ಬರಾಗಿ ಬಂದು ನಿಂತು ಕೇಳಿಸಿಕೊಂಡರು.

"ನಾನು ರಾಕೆಟ್ ಬಿಡುವುದಿಲ್ಲ ಮಾಂಯ್! ಬೇರೆಯವರ ತಪ್ಪು ಕೂಡಿಸಿಡ್ತೇನೆ! ಅದೇ ಕೆಲಸ!"

ಕಾನ್ಸೆಪ್ಟಾ ಬಾಯಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅದಕ್ಕೆ ಸಂಬಳ ಕೊಡ್ತಾರಾ? ನಾವು ಇಲ್ಲಿ ಧರ್ಮಕ್ಕೆ ಮಾಡ್ತೇವಲ್ಲ!"

ಆಮೇಲೆ ಅವನ ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿ, ತನ್ನ ಲೆಕ್ಕದಲ್ಲಿ ಗುಟ್ಟಾಗಿ, ಬೇಲಿಯಾಚೆಗೂ ಕೇಳುವ ಹಾಗೆ ಹೇಳಿದರು: "ಇದು ನಮ್ಮ ನಮ್ಮಲ್ಲೇ ಇರಲಿ ಪುತಾ. ಊರಿಗೆ ರಾಕೆಟ್ ಎಂದೇ ಇರಲಿ."

ಬೇಲಿಯ ಬಳಿ ನಿಂತವರೆಲ್ಲ ಮುಖ ಮುಖ ನೋಡಿಕೊಂಡು ಮೆಲ್ಲಗೆ ಮನೆಗೆ ಹೋದರು. ಸಿಲ್ವೆಸ್ಟರ್ ಆ ಸಲ ಬುಧವಾರದ ತನಕ ಊರಿನಲ್ಲಿದ್ದ. ಅವನು ಎಂತ ಕೆಲಸದಲ್ಲಿದ್ದ ಎಂದು ಬೆಳ್ಮಣ್ಣಿನಲ್ಲಿ ಇವತ್ತು ಕೇಳಿದರೂ, ಅಂದು ಬೇಲಿಯ ಬಳಿ ನಿಂತು ಕೇಳಿಸಿಕೊಂಡವರೇ ಮೊದಲಾಗಿ ಹೇಳುತ್ತಾರೆ, ರಾಕೆಟ್ ಬಿಡ್ತಿದ್ದ ಎಂದು.